ಸೊನ್ನೆಯಿಂದ ಮೇಲಕ್ಕೆ

ಸುಮನ ಮತ್ತೊಮ್ಮೆ ಬಚ್ಚಲಿಗೆ ಹೋಗಿ ಕೈ ತೊಳೆದಳು. ಟವೆಲಿಗೆ ಒತ್ತಿ ಒರೆಸಿ, ಕಿಟಕಿಯ ಬೆಳಕಿಗೆ ಹಿಡಿದು ಅಂಗೈ ನೋಡಿಕೊಂಡಳು. ಏನೂ ಇರಲಿಲ್ಲ. ಗೆರೆಗಳಿದ್ದವು, ಹೆಬ್ಬೆರಳಿನ ಬುಡದಲ್ಲಿ ಕುಕ್ಕರಿನ ಹಬೆ ತಾಗಿದ ಹಳೆಯ ಕಲೆ ಇತ್ತು, ಅಷ್ಟೇ. ಬೆವರು ಒಡೆಯುತ್ತದೆಯೋ ಎಂದು ಹಾಗೇ ನಿಂತು ಕಾದಳು. ಬೆವರಬಾರದು ಎಂದುಕೊಂಡರೆ ಬೆವರುವುದು, ಬೆವರಲಿ ನೋಡೋಣ ಎಂದರೆ ಒಣಗಿ ಕೂರುವುದು. ಸ್ವಂತ ಮೈಯೇ ಹೀಗೆ ಎದುರಾಳಿಯಾದರೆ ಯಾರನ್ನು ನಂಬಬೇಕು? ತಾಯಿ ಶಾಲುಬಾಯಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತ ಓರೆಗಣ್ಣಿನಿಂದ ಮಗಳನ್ನೇ ನೋಡುತ್ತಿದ್ದಳು. ಅಂಗನವಾಡಿಯಲ್ಲಿ ವರ್ಷಾನುಗಟ್ಟಲೆ ಊರ ಮಕ್ಕಳನ್ನು ನೋಡಿಕೊಂಡು ನಿವೃತ್ತಳಾದ ಹೆಂಗಸು. ಯಾವ ಕೂಸು ಏನು ಮುಚ್ಚಿಡುತ್ತಿದೆ ಎಂಬುದು ಅವಳಿಗೆ ಅದರ ಬೆನ್ನು ನೋಡಿಯೇ ತಿಳಿಯುತ್ತಿತ್ತು.

"ಏನದು ಮುಂಜಾನಿಂದ? ಕೈಗೇನು ಡಾಂಬರ ಮೆತ್ತಿದೇನು? ಡ್ರಮ್ಮಿನ ನೀರೆಲ್ಲಾ ಖಾಲಿ ಮಾಡ್ದಿ. ಭಾಲ್ಕಿ ನಳದ ನೀರು ನಿಮ್ಮ ಮಾಮಾ ಬಿಡಸ್ತಾನೇನು?"

"ಏನಿಲ್ಲ ಅವ್ವಾ."

"ಏನಿಲ್ಲಂದ್ರ ರೊಟ್ಟಿ ತಿನ್ನು. ಬಸ್ ತಪ್ಪಿತಂದ್ರ ಮತ್ತ ನನ್ನ ಮ್ಯಾಲೇ ಹಾಕ್ತಿ."

ನಿನ್ನೆ ಸಂಜೆ ಕುತುಬೋದ್ದೀನ ಸರ್ ತಮ್ಮ ಕೋಣೆಗೆ ಕರೆದು, ಫ್ಲಾಸ್ಕಿನಿಂದ ತಾವೇ ಚಹಾ ಬಗ್ಗಿಸಿ ಕೊಟ್ಟು, ಅವಳು ಎರಡು ಗುಟುಕು ಕುಡಿಯುವವರೆಗೆ ಸುಮ್ಮನಿದ್ದು, ಆಮೇಲೆ ಆ ಮಾತು ಹೇಳಿದ್ದರು. ಬೀದರಿನ ಹೊರಗಿರುವ ಸಣ್ಣ ಸಂಶೋಧನಾ ಕೇಂದ್ರದಲ್ಲಿ ಅವರು ಅವಳ ಗೈಡು. ಗಾಜಿನ ಚೂರಿನ ಮೇಲೆ ತೆಳ್ಳಗೆ ಹಚ್ಚಿದ ಕಂದು ಲೇಪ ಬಿಸಿಲನ್ನು ಕರೆಂಟಾಗಿಸುತ್ತದೆ. ಪೆರೋವ್‌ಸ್ಕೈಟ್ ಸೆಲ್ ಎಂಬ ಆ ವಸ್ತುವಿನ ಬೆನ್ನು ಹತ್ತಿ ತಲೆಕೂದಲು ಬೆಳ್ಳಗಾಗಿಸಿಕೊಂಡವರು. ಯಾರಿಗೂ ಗದರಿದವರಲ್ಲ. ಗದರಿದ್ದರೆ ಚೆನ್ನಾಗಿತ್ತು, ತಿರುಗಿ ಏನಾದರೂ ಅನ್ನಬಹುದಿತ್ತು. "ಬ್ಯಾಸರ ಮಾಡ್ಕೋಬ್ಯಾಡ ಬೇಟಾ. ನಿನ್ನ ಕೈಯಾಗ ಬೆವರ ಜಾಸ್ತಿ ಅದ. ಗ್ಲೌಸ್ ಹಾಕ್ಕೊಂಡ್ರೂ ಹ್ಯಾಂಗೋ ಏನೋ ಸೆಲ್ಲಿಗಿ ಪಸಿ ಹತ್ತಲತ್ತದ. ಅದೇ ಬ್ಯಾಚು, ಫರ್ಹೀನ ಅಳದ್ರ ಹದಿನೇಳು, ನೀ ಅಳದ್ರ ಹದಿಮೂರು. ಸೋಮವಾರ ಗ್ರ್ಯಾಂಟ್ ಕೊಡೋ ಕಮಿಟಿಯವರು ಬರ್ಲತ್ತಾರ. ಇನ್ನ ಮ್ಯಾಲ ಸೆಲ್ ಫರ್ಹೀನ ಮುಟ್ಲಿ, ನೀ ಬರವಣಿಗಿ ನೋಡ್ಕೋ. ನಿನ್ನಂಗ ಬರಿಯೋರು ಇಲ್ಲಿ ಯಾರದಾರ?" ಫರ್ಹೀನ ಅವಳ ಜೊತೆಗೇ ಸಂಶೋಧನೆ ಮಾಡುವ ಗೆಳತಿ. ಹದಿನೇಳು, ಹದಿಮೂರು ಎಂದರೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಎಷ್ಟು ಪಾಲು ಕರೆಂಟಾಗಿ ಬಂತು ಎಂಬ ಲೆಕ್ಕ. ಸುಮನ "ಹೌದ್ರಿ ಸರ್" ಎಂದಿದ್ದಳು. ಚಹಾ ಚೊಲೋ ಆಗ್ಯಾದ್ರಿ ಎಂದೂ ಹೇಳಿದ್ದಳು. ಮೊದಲ ಮಾತನ್ನಾದರೂ ಕ್ಷಮಿಸಿಕೊಳ್ಳಬಹುದು. ಆ ಚಹಾದ ಹೊಗಳಿಕೆ ಮಾತ್ರ ಮಲಗಿದಲ್ಲಿ ಬೆನ್ನಿಗೆ ಸಿಕ್ಕ ಜೋಳದ ಕಾಳಿನಂತೆ ಅವಳನ್ನು ನಿದ್ದೆ ಮಾಡಗೊಡಲಿಲ್ಲ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ತೊಗರಿ ಕೊಯ್ದ ಹೊಲಗಳು ಬೋಳಾಗಿ ಹಿಂದಕ್ಕೆ ಓಡುತ್ತಿದ್ದವು. ಮುಂದಿನ ಸೀಟಿನ ಕಂಬಿ ಹಿಡಿಯಬೇಕೆಂದು ಕೈ ಎತ್ತಿದವಳು ಹಾಗೇ ಇಳಿಸಿ ಮಡಿಲಲ್ಲಿಟ್ಟುಕೊಂಡಳು. ಅಳೆಯುವ ಕೆಲಸ ಹೋದರೆ ತನಗೆ ಉಳಿಯುವುದೇನು? ಲೇಪ ಹಚ್ಚುವುದನ್ನು ಯಂತ್ರ ಮಾಡುತ್ತದೆ, ಓದುವುದನ್ನು ಯಾರೂ ಮಾಡಬಹುದು. ದೀಪದ ಕೆಳಗೆ ಸೆಲ್ ಇಟ್ಟು, ಮೀಟರಿನ ಗುಂಡಿಯನ್ನು ಮೆಲ್ಲಗೆ ತಿರುಗಿಸುತ್ತ, ವೋಲ್ಟೇಜು ಏರಿದಂತೆ ಕರೆಂಟು ಹೇಗೆ ನಿಂತು ನಿಂತು ಕೊನೆಗೆ ಒಮ್ಮೆಲೇ ಕುಸಿಯುತ್ತದೆ ಎಂದು ನೋಡುವ ಆ ಹೊತ್ತು ಮಾತ್ರ ಅವಳದು. ಆ ಹೊತ್ತಿಗಾಗಿ ಅವಳು ಭಾಲ್ಕಿಯಿಂದ ಬೀದರಿಗೆ ದಿನಾ ಹೋಗಿ ಬರುತ್ತಿದ್ದಳು, ಮದುವೆಯ ಮಾತು ತಂದವರನ್ನು ನಗಿಸಿ ಕಳಿಸುತ್ತಿದ್ದಳು. ಇನ್ನು ಫರ್ಹೀನ ಅಳೆದದ್ದನ್ನು ಚಂದದ ಅಕ್ಷರದಲ್ಲಿ ಬರೆದು ಡಾಕ್ಟರ್ ಎನಿಸಿಕೊಳ್ಳಬೇಕು. ಬೆವರು ಎಂದರಲ್ಲ, ಬರೀ ಬೆವರು. ಸರ್ ಬೇರೆ ಏನನ್ನೂ ಮನಸ್ಸಿನಲ್ಲಿಟ್ಟು ಹೇಳಿದವರಲ್ಲ. ರಂಜಾನಿಗೆ ಮನೆಗೆ ಕರೆದು ತಮ್ಮ ತಾಟಿನ ಪಕ್ಕದಲ್ಲೇ ಕೂರಿಸಿ ಉಣ್ಣಿಸಿದವರು. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಕಿವಿ ಅದನ್ನೇ ಕೇಳಿಸಿಕೊಂಡಿತು, ನೀನು ಮುಟ್ಟಿದ್ದು ಕೆಡುತ್ತದೆ ಎಂದು.

ಔರಾದ ತಾಲೂಕಿನ ಆ ಹಳ್ಳಿಯಲ್ಲಿ ಅವ್ವ ಹೊಸದಾಗಿ ಅಂಗನವಾಡಿಗೆ ಸೇರಿದಾಗ ಸುಮನಳಿಗೆ ಆರು ವರ್ಷ ಇದ್ದೀತು. ಅವ್ವ ಹೆಸರುಬೇಳೆಯ ಖಿಚಡಿ ಮಾಡುತ್ತಿದ್ದಳು, ಒಗ್ಗರಣೆಯ ಘಮ ಓಣಿಯ ಕೊನೆಯವರೆಗೆ ಹೋಗುತ್ತಿತ್ತು. ಊಟದ ಹೊತ್ತಿಗೆ ತಾಯಂದಿರು ಬಾಗಿಲಿಗೆ ಬಂದು, ಒಳಗೆ ಕಾಲಿಡದೆ, ನಗುನಗುತ್ತ ಹೇಳುತ್ತಿದ್ದರು: "ಬಾಯಾರ, ನಮ್ಮ ಕೂಸಿಂದು ಹೊಟ್ಟಿ ನೆಟ್ಟಗಿಲ್ರಿ. ಇವತ್ತೊಂದಿನ ಮನಿಗಿ ಕರಕೊಂಡು ಹೋಗ್ತೇವ್ರಿ." ಎಲ್ಲ ಮಾತಿಗೂ ರಿ ಹಚ್ಚುತ್ತಿದ್ದರು, ಮರ್ಯಾದೆಗೆ ಕೊರತೆಯೇ ಇರಲಿಲ್ಲ. ಒಂದು ಓಣಿಯ ಅಷ್ಟೂ ಮಕ್ಕಳ ಹೊಟ್ಟೆ ಒಂದೇ ದಿನ, ಒಂದೇ ಹೊತ್ತಿಗೆ ಕೆಡುತ್ತಿತ್ತು. ಅವ್ವ "ಹೌದೇನ್ರಿ? ಅಜವಾನದ ನೀರು ಕುಡಸ್ರಿ, ಕಡಿಮಿ ಆಗ್ತದ" ಎಂದು ಔಷಧ ಹೇಳಿ ಕಳಿಸುತ್ತಿದ್ದಳು. ಮರುದಿನ ಮತ್ತೆ ಅಷ್ಟೇ ಅಕ್ಕಿ, ಅಷ್ಟೇ ಬೇಳೆ, ಒಂದು ಹಿಡಿಯೂ ಕಡಿಮೆಯಿಲ್ಲ. ಪಾತ್ರೆಯ ಪಕ್ಕ ಒಬ್ಬಳೇ ಕೂತು ಉಣ್ಣುತ್ತಿದ್ದ ಸುಮನಳಿಗೆ ಒಂದು ದಿನ ಖಿಚಡಿಯಲ್ಲೇ ಏನೋ ಇದೆ ಎನಿಸಿತು. ಇಷ್ಟು ಜನ ಸುಳ್ಳು ಹೇಳುತ್ತಾರೆಯೇ? ಅವಳ ಹೊಟ್ಟೆಯೂ ನಿಜವಾಗಿಯೇ ನೋಯತೊಡಗಿತು. ಅವ್ವ ಹಣೆ ಮುಟ್ಟಿ ನೋಡಿ, ಅಂದು ತಾನೂ ಉಣ್ಣಲಿಲ್ಲ. ಮುಂದೆ ಮಕ್ಕಳು ಒಬ್ಬೊಬ್ಬರಾಗಿ ಬಂದರು, ಖಿಚಡಿ ಬಳಿದು ತಿಂದರು. ಯಾಕೆ ಬಂದರೆಂದು ಅವ್ವನನ್ನು ಕೇಳಿದರೆ "ಹಸದಿದ್ರು, ಬಂದ್ರು" ಎನ್ನುವಳು. ಟಿಕೆಟು ಟಿಕೆಟು ಎಂದು ಕಂಡಕ್ಟರ್ ಸೀಟಿನ ಕಂಬಿ ಬಡಿದಾಗ ಸುಮನ ಬೆಚ್ಚಿದಳು. ಆಧಾರ್ ಕಾರ್ಡು ತೆಗೆದು ತೋರಿಸಿದಳು.

ಲ್ಯಾಬಿನಲ್ಲಿ ಫರ್ಹೀನ ಆಗಲೇ ಬಂದಿದ್ದಳು. ಮೈಲೂರಿನ ಹುಡುಗಿ, ಸ್ಕೂಟಿ ಓಡಿಸಿದಷ್ಟೇ ಜೋರಾಗಿ ಮಾತಾಡುವವಳು ಇಂದು ಮೆಲ್ಲಗಿದ್ದಳು. ಬೆಳಗಿನ ಸೆಲ್ಲುಗಳಲ್ಲಿ ಒಂದನ್ನು ಅಳೆದು ಮುಗಿಸಿದ್ದಳು, ಪರದೆಯ ಮೇಲೆ ಹದಿನೇಳು ಎಂದು ಕಾಣುತ್ತಿತ್ತು. ಸುಮನಳನ್ನು ನೋಡಿ ಪರದೆಗೆ ಬೆನ್ನು ಅಡ್ಡ ಮಾಡಿ ನಿಂತಳು. ಆ ಕರುಣೆ ಸುಮನಳಿಗೆ ಸರ್ ಮಾತಿಗಿಂತ ಹೆಚ್ಚು ಉರಿಯಿತು.

"ನಾ ಸರ್‌ಗ ಏನೂ ಹೇಳಿಲ್ಲ ಸುಮನ. ಕಸಂ," ಎಂದಳು ಫರ್ಹೀನ.

"ನೀ ಹೇಳಿದಿ ಅಂತ ಯಾರಂದ್ರು?"

"ನಿನ್ನ ಮಾರಿ ಅನ್ಲತ್ತದ."

"ನನ್ನ ಮಾರಿ ಮೊದಲಿಂದ ಹಂಗೇ ಅದ. ಸರದು ನಿಂದ್ರು, ನಂಬರ ಬರ್ಕೋತೀನಿ."

ಸುಮನ ಕಂಪ್ಯೂಟರಿನ ಮುಂದೆ ಕೂತು ಕಮಿಟಿಗೆ ಕೊಡಬೇಕಾದ ವರದಿ ಬರೆಯತೊಡಗಿದಳು. ಬರವಣಿಗೆ ಸಲೀಸಾಗಿ ಸಾಗಿತು, ಅದೇ ಒಂದು ಸಂಕಟ. ಶುಕ್ರವಾರವಾದ್ದರಿಂದ ನಡುಹಗಲಿಗೆ ಲ್ಯಾಬು ಖಾಲಿಯಾಗುತ್ತಿತ್ತು. ಸರ್ ಟೋಪಿ ಜೇಬಿಗಿಟ್ಟುಕೊಂಡು ನಮಾಜಿಗೆ ಹೊರಟರು, ಫರ್ಹೀನ ಮನೆಗೆ ಹೊರಟಳು. "ಅಮ್ಮಿ ಬಗಾರಾ ಮಾಡ್ಯಾಳ, ನಿನಗೂ ತರ್ತೀನಿ. ಉಳದ ಸೆಲ್ಲು ಬಂದ ಮ್ಯಾಲ ಅಳೀತೀನಿ. ಲ್ಯಾಂಪ್ ಬಂದ್ ಮಾಡಿಬಿಡು, ಜರಾ," ಎಂದು ಹೋಗುವಾಗ ಹೇಳಿದಳು. ನೀನೇ ಅಳಿ ಎನ್ನಲಿಲ್ಲ. ಹಿಂದೆ ಯಾವ ಶುಕ್ರವಾರವೂ ಹಾಗೆ ಅನ್ನದೆ ಹೋದವಳಲ್ಲ. ಸ್ಕೂಟಿಯ ಸದ್ದು ಕೆಮ್ಮಣ್ಣಿನ ರಸ್ತೆಯಲ್ಲಿ ದೂರವಾಗುವವರೆಗೆ ಸುಮನ ಒಂದೇ ವಾಕ್ಯವನ್ನು ನೋಡುತ್ತ ಕೂತಿದ್ದಳು.

ಲ್ಯಾಂಪು ಆರಿಸಲೆಂದೇ ಎದ್ದಳು. ಸ್ವಿಚ್ಚಿನವರೆಗೆ ಹೋದ ಕೈ ನಿಂತಿತು. ದೀಪದ ಬೆಳಕು ಚೌಕವಾಗಿ ಮೇಜಿನ ಮೇಲೆ ಬಿದ್ದಿತ್ತು, ಪಕ್ಕದಲ್ಲಿ ಸೆಲ್ಲಿಗೆ ತೇವ ತಾಗದಂತೆ ಮುಚ್ಚಿಡುವ ಒಣಡಬ್ಬಿಯಲ್ಲಿ ಫರ್ಹೀನ ಬೆಳಗ್ಗೆ ಅಳೆದ ಸೆಲ್ಲು ಇತ್ತು. ಇದು ಹದಿನೇಳಿನದು, ಆರೋಗ್ಯವಂತ. ಎದೆಯಲ್ಲಿ ಒಮ್ಮೆಲೇ ಸಿಟ್ಟು ಎದ್ದಿತು, ಯಾರ ಮೇಲೆಂದು ತಿಳಿಯದ ಸಿಟ್ಟು. ತನ್ನ ಕೈ ಒಂದು ವಸ್ತುವನ್ನು ಕೆಡಿಸುವುದೇ ನಿಜವಾದರೆ ಅದು ಕೆಡುವುದನ್ನಾದರೂ ತಾನು ನೋಡಬೇಕು. ಬೆನ್ನ ಹಿಂದೆ ಕೆಡುವುದು ಬೇಡ, ಚಹಾ ಕೊಟ್ಟು ಹೇಳುವುದು ಬೇಡ. ಗ್ಲೌಸ್ ಹಾಕಿಕೊಂಡಳು. ಚಿಮಟದಿಂದ ಸೆಲ್ಲನ್ನು ಎತ್ತಿ ದೀಪದ ಕೆಳಗಿಟ್ಟು, ಎರಡು ಸೂಜಿಗಳನ್ನು ಅದರ ಅಂಚಿಗೆ ತಾಗಿಸಿದಳು.

ಫರ್ಹೀನ ಅಳೆಯುವಾಗ ಒಂದು ಕೀ ಒತ್ತಿ ಸುಮ್ಮನಾಗುತ್ತಿದ್ದಳು; ಕಂಪ್ಯೂಟರು ತಾನೇ ವೋಲ್ಟೇಜನ್ನು ಎತ್ತರದಿಂದ ಶುರು ಮಾಡಿ ಸೊನ್ನೆಗೆ ಇಳಿಸಿ ಗೆರೆ ಎಳೆದುಕೊಡುತ್ತಿತ್ತು. ಸುಮನ ಹಾಗೆ ಮಾಡುತ್ತಿರಲಿಲ್ಲ. ಮೊದಲ ವರ್ಷ ಒಮ್ಮೆ ಅಳೆಯುವಾಗಲೇ ಕರೆಂಟು ಹೋಗಿ, ತಿರುಗಿ ಬಂದಾಗ ಜೋರಾಗಿ ಬಂದು, ತಿಂಗಳುಗಟ್ಟಲೆ ಮಾಡಿದ ಸೆಲ್ಲು ಸುಟ್ಟುಹೋಗಿತ್ತು. ಅಂದಿನಿಂದ ಅವಳು ಗುಂಡಿಯನ್ನು ಕೈಯಲ್ಲೇ ಸೊನ್ನೆಯಿಂದ ಮೇಲಕ್ಕೆ ತಿರುಗಿಸುತ್ತಿದ್ದಳು, ಭಾಲ್ಕಿಯ ಮನೆಯಲ್ಲಿ ಫ್ಯಾನಿನ ರೆಗ್ಯುಲೇಟರು ತಿರುಗಿಸಿದ ಹಾಗೆಯೇ, ಒಂದರಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ. ಸುಮನ ಪೇಟಿ ನುಡಿಸಲತ್ತಾಳ ಎಂದು ಲ್ಯಾಬಿನಲ್ಲಿ ನಗೆಯಾಡುವರು. ಮುಗಿದ ಮೇಲೆ ಇಬ್ಬರ ಗೆರೆಯೂ ಕಾಗದದ ಮೇಲೆ ಎಡದಿಂದ ಬಲಕ್ಕೇ ಕಾಣುತ್ತಿತ್ತು. ಹಾಕಿ ಮುಗಿದ ರಂಗೋಲಿಯ ಎಳೆ ಯಾವ ತುದಿಯಿಂದ ಶುರುವಾಯಿತೆಂದು ನೋಡಿದವರಿಗೆ ತಿಳಿಯುವುದಿಲ್ಲವಲ್ಲ, ಹಾಗೆ ಇದೂ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಗುಂಡಿ ತಿರುಗಿಸಿದಳು. ಗೆರೆ ಮೂಡುತ್ತ ಹೋಯಿತು, ಬೇಗನೇ ಬಾಗಿತು. ಹದಿಮೂರು. ನೋಡು ಕೆಟ್ಟಿತು, ಎಂದು ಅವಳು ಜೋರಾಗಿಯೇ ಹೇಳಿದಳು. ಅಳು ಬರಲಿಲ್ಲ, ವಿಚಿತ್ರವಾದ ಒಂದು ನೆಮ್ಮದಿ ಬಂತು, ಇನ್ನು ವಾದಿಸಬೇಕಾಗಿಲ್ಲ ಎಂಬ ನೆಮ್ಮದಿ. ವೋಲ್ಟೇಜು ಮೇಲೆಯೇ ಇತ್ತು. ಹಾಗೇ ಮೀಟರು ಆರಿಸುವುದು ಅವಳಿಗೆ ಆಗದ ಕೆಲಸ. ಯಾವಾಗಲೂ ದಾಖಲೆ ನಿಲ್ಲಿಸಿ, ಗುಂಡಿಯನ್ನು ಮೆಲ್ಲಗೆ ಸೊನ್ನೆಗೆ ತಂದು, ಆಮೇಲೆ ಆರಿಸುವಳು. ಇಂದು ದಾಖಲೆ ನಿಲ್ಲಿಸಲು ಮರೆತಳು. ಕಣ್ಣು ಕಿಟಕಿಯಾಚೆ ಇತ್ತು, ಕೈ ತನ್ನಷ್ಟಕ್ಕೆ ಗುಂಡಿಯನ್ನು ಹಿಂದಕ್ಕೆ ತಿರುಗಿಸುತ್ತಿತ್ತು. ತಿರುಗಿ ನೋಡಿದರೆ ಪರದೆಯ ಮೇಲೆ ಇನ್ನೊಂದು ಗೆರೆ. ಹೋದ ದಾರಿಯಲ್ಲಿ ಅದು ವಾಪಸು ಬಂದಿರಲಿಲ್ಲ. ಹಳೆಯ ಗೆರೆಯ ಮೇಲಕ್ಕೆ, ತನ್ನದೇ ಒಂದು ಹೊಟ್ಟೆ ಬಿಟ್ಟುಕೊಂಡು, ಆರಾಮಾಗಿ ಬಂದಿತ್ತು. ಲೆಕ್ಕ ಹಾಕಿದಳು. ಹದಿನೇಳು.

ಸುಮನ ಗ್ಲೌಸಿನ ಕೈಯನ್ನು ಸೆಲ್ಲಿನಿಂದ ದೂರ ಎತ್ತಿ ಹಿಡಿದು ಹಾಗೇ ನಿಂತಳು. ಆಮೇಲೆ ಮತ್ತೆ ಏರಿಸಿದಳು, ಹದಿಮೂರು. ಇಳಿಸಿದಳು, ಹದಿನೇಳು. ಅದೇ ಸೆಲ್ಲು, ಅದೇ ದೀಪ, ಅದೇ ಕೈ. ಕೆಟ್ಟದ್ದು ತಿರುಗಿ ನೆಟ್ಟಗಾಗುವುದುಂಟೇ? ಗುಂಡಿಯನ್ನು ಎಷ್ಟು ನಿಧಾನ ಸಾಧ್ಯವೋ ಅಷ್ಟು ನಿಧಾನ ತಿರುಗಿಸಿದಾಗ, ಹೆಜ್ಜೆಹೆಜ್ಜೆಗೆ ನಿಂತು ಕಾದಾಗ, ಎರಡು ಗೆರೆಗಳು ಒಂದರ ಹತ್ತಿರ ಒಂದು ಸರಿದವು. ಆಗ ಅವಳಿಗೆ ಎಲ್ಲ ತಿಳಿಯಿತು, ತಿಳಿದ ರೀತಿಗೆ ನಾಚಿಕೆಯೂ ಆಯಿತು. ಯಾಕೆಂದರೆ ಇದರ ಬಗ್ಗೆ ಪ್ರಬಂಧದಲ್ಲಿ ಹನ್ನೊಂದು ಪುಟ ಬರೆದವಳು ಅವಳೇ. ಈ ಲೇಪದೊಳಗೆ ಎಲೆಕ್ಟ್ರಾನುಗಳ ಜೊತೆ ಭಾರದ ಅಯಾನುಗಳೂ ಅಲ್ಲಿಂದಿಲ್ಲಿಗೆ ಸರಿಯುತ್ತವೆ, ಬಲು ನಿಧಾನವಾಗಿ. ವೋಲ್ಟೇಜು ಬದಲಾದರೂ ಅವು ಇನ್ನೂ ಹಿಂದಿನ ಜಾಗದಲ್ಲೇ ಇರುತ್ತವೆ, ಬಸ್ಸು ನಿಂತ ಮೇಲೂ ಮುಂದಕ್ಕೆ ವಾಲುವ ಜನರಂತೆ. ಹಾಗಾಗಿ ಸೆಲ್ಲು ಈಗ ಏನು ಕೊಡುತ್ತದೆ ಎಂಬುದು ಸ್ವಲ್ಪ ಹೊತ್ತಿನ ಹಿಂದೆ ಅದು ಎಲ್ಲಿತ್ತು ಎಂಬುದರ ಮೇಲೂ ನಿಂತಿದೆ. ಎರಡು ವರ್ಷದ ಹಿಂದೆ ಸರ್ ತಾವೇ ಪರೀಕ್ಷಿಸಿ, ನಮ್ಮ ಸೆಲ್ಲಿಗೆ ಆ ರೋಗವಿಲ್ಲ ಎಂದಿದ್ದರು, ನಿಜವಾಗಿಯೂ ಆಗ ಇರಲಿಲ್ಲ. ಆಮೇಲೆ ಲೇಪದ ಕೆಳಗಿನ ಪದರಿಗೆ ಬೇರೆ ರಾಸಾಯನಿಕ ಬಂತು. ಪ್ರಶ್ನೆಯನ್ನು ಮಾತ್ರ ಯಾರೂ ಮತ್ತೆ ಕೇಳಲಿಲ್ಲ.

ಹನ್ನೊಂದು ಪುಟ ಬರೆದವಳಿಗೆ ನಿನ್ನೆ ಅದರ ಒಂದು ಸಾಲೂ ಯಾಕೆ ನೆನಪಾಗಲಿಲ್ಲ? ಕುರ್ಚಿಯಲ್ಲಿ ಕೂತು ಸುಮನ ಇದನ್ನೇ ಯೋಚಿಸಿದಳು. ಕೈ ಎಂದೊಡನೆ ಅವಳು ಕೈಯನ್ನು ನಂಬಿಬಿಟ್ಟಿದ್ದಳು. ಒಂದು ಸಲವೂ ಕೇಳಿರಲಿಲ್ಲ, ಹೇಗೆ ಸರ್, ಗ್ಲೌಸಿನೊಳಗಿಂದ ಹೇಗೆ ಎಂದು. ಆ ಉತ್ತರ ಅವಳೊಳಗೆ ಬಹಳ ಕಾಲದಿಂದ ಸಿದ್ಧವಾಗಿ ಕೂತಿತ್ತು, ಯಾರಾದರೂ ಬಾಗಿಲು ತಟ್ಟಿದರೆ ಸಾಕೆಂದು. ಈಗ ಸಂತೋಷ ಉಕ್ಕಿ ಬಂತು, ಅದೂ ತುಸು ಕೀಳಾದ ಸಂತೋಷ. ಸರ್ ಮುಖ ಹೇಗಾಗುತ್ತದೆ, ಫರ್ಹೀನಳ ಮುಖ ಹೇಗಾಗುತ್ತದೆ ಎಂದು ಚಿತ್ರಿಸಿಕೊಂಡು ನಕ್ಕಳು. ನಗು ಅರ್ಧಕ್ಕೇ ನಿಂತಿತು. ಹದಿನೇಳೂ ನಿಜವಲ್ಲ. ಫರ್ಹೀನಳ ಅಷ್ಟೂ ತಿಂಗಳ ಕೆಲಸ ಆ ಅಂಕಿಯ ಮೇಲೆ ನಿಂತಿತ್ತು, ಕಮಿಟಿಗೆ ಅದನ್ನು ಆಗಲೇ ಕಳಿಸಿಯೂ ಆಗಿತ್ತು. ಸೋಮವಾರ ಅದನ್ನು ಕೆಳಗಿಳಿಸಿದರೆ ಲ್ಯಾಬಿನ ಮುಂದಿನ ಗತಿ ಏನೋ. ಆಗ ಇನ್ನೊಂದು ವಿಚಾರ ಬಂತು, ಬಹಳ ಸಲೀಸಾದ ವಿಚಾರ. ಯಾರಿಗೂ ಏನೂ ಹೇಳಬೇಕಾಗಿಲ್ಲ. ಇನ್ನೊಮ್ಮೆ ಅಳೆಯಲು ಬಿಡಿ ಎಂದು ಸರ್‌ ಅವರನ್ನು ಕೇಳಿಕೊಂಡು, ನಾಳೆಯಿಂದ ತಾನೂ ಮೇಲಿನಿಂದ ಕೆಳಕ್ಕೆ ಅಳೆದರಾಯಿತು. ಹದಿನೇಳು ಬರುತ್ತದೆ, ಸರ್ ಖುಷಿಯಾಗುತ್ತಾರೆ, "ನಿನ್ನ ಕೈ ನೆಟ್ಟಗಾತು ನೋಡು ಬೇಟಾ" ಎಂದು ಇನ್ನೊಂದು ಕಪ್ಪು ಚಹಾ ಬಗ್ಗಿಸುತ್ತಾರೆ. ಕೆಲಸ ಉಳಿಯುತ್ತದೆ, ಗೆಳತಿ ಉಳಿಯುತ್ತಾಳೆ. ನೆಟ್ಟಗಾತು ಎಂಬ ಆ ಮಾತನ್ನು ಅವಳು ಮನಸ್ಸಿನಲ್ಲೇ ಎರಡು ಸಲ ಕೇಳಿಸಿಕೊಂಡಳು. ನೆಟ್ಟಗಾಗಬೇಕಾದರೆ ಮೊದಲು ಕೆಟ್ಟಿರಬೇಕು. ಅದನ್ನು ಒಪ್ಪಿಕೊಂಡು ಮುಂದಿನ ಮೂವತ್ತು ವರ್ಷ ಈ ಕೈಯಿಂದಲೇ ಕೆಲಸ ಮಾಡುವುದು ತನ್ನಿಂದಾಗದು ಎನಿಸಿತು, ಮತ್ತು ಹಾಗೆ ಎನಿಸಿದ್ದೇ ಮೈ ಹಗುರಾಯಿತು.

ಫರ್ಹೀನ ಟಿಫಿನ್ ಹಿಡಿದು ಬಂದಾಗ ಸುಮನ ಇನ್ನೂ ಮೀಟರಿನ ಮುಂದೆಯೇ ಇದ್ದಳು. ಫರ್ಹೀನ ಬಾಗಿಲಲ್ಲೇ ನಿಂತಳು.

"ಏ, ಏನ್ ಮಾಡ್ಲತ್ತೀದಿ? ಸರ್ ಬ್ಯಾಡಂದಾರ. ಅದು ನನ್ನ ಸೆಲ್ಲು!"

"ನಿನ್ನದೇ. ಬಾ, ನೋಡು ಬಾ."

"ಕೆಡಸಿದೇನು?"

ಕೇಳಿದ ಮೇಲೆ ಫರ್ಹೀನ ತುಟಿ ಕಚ್ಚಿಕೊಂಡಳು. ಸುಮನ ಸಿಟ್ಟಾಗಲಿಲ್ಲ. ಕುರ್ಚಿ ಸರಿಸಿ, ಏರಿಸಿ ತೋರಿಸಿದಳು, ಇಳಿಸಿ ತೋರಿಸಿದಳು. ಫರ್ಹೀನ ಟಿಫಿನ್ ಕೆಳಗಿಡುವುದನ್ನೂ ಮರೆತು ನೋಡಿದಳು. ಬುದ್ಧಿಯ ವಿಷಯದಲ್ಲಿ ಅವಳಿಗೆ ಯಾರೂ ಎರಡು ಸಲ ಹೇಳಬೇಕಾಗಿರಲಿಲ್ಲ. ಎರಡನೆಯ ಗೆರೆ ಮುಗಿಯುವುದರೊಳಗೆ ಅವಳ ಮುಖ ಬಿಳಿಚಿಕೊಂಡಿತ್ತು.

"ಹಂಗಂದ್ರ ನನ್ನ ಹದಿನೇಳು?"

"ನನ್ನ ಹದಿಮೂರೂ ಹಂಗೇ."

"ನಿನಗೇನ್, ನೀ ಏರತಿ. ಇಳಿಯಾಕಿ ನಾ," ಎಂದು ಫರ್ಹೀನ ಮುಖ ತಿರುವಿದಳು. ಕಿಟಕಿಯ ಹತ್ತಿರ ಹೋಗಿ ನಿಂತಳು, ತಿರುಗಿ ಬಂದಳು. "ಮುಂಜಾನಿನೇ ಹೇಳಬಾರದಿತ್ತೇನ?"

"ಮುಂಜಾನಿ ನನಗ ಗೊತ್ತಿದ್ದಿಲ್ಲ. ಮುಂಜಾನಿ ನಾ ಕೈ ತೊಳ್ಕೋತ ಕುಂತಿದ್ದೆ."

ಫರ್ಹೀನ ಇನ್ನೂ ಕೈಯಲ್ಲೇ ಇದ್ದ ಟಿಫಿನ್ನನ್ನು ಮೇಜಿನ ಮೇಲಿಟ್ಟಳು. ಆಮೇಲೆ ಕುರ್ಚಿಯೊಂದನ್ನು ಎಳೆದುಕೊಂಡು ಪಕ್ಕದಲ್ಲಿ ಕೂತಳು. ಇಬ್ಬರೂ ಸೇರಿ ವೋಲ್ಟೇಜನ್ನು ಒಂದು ಕಡೆ ಹಿಡಿದು ನಿಲ್ಲಿಸಿದರು, ಸೆಲ್ಲು ಹೆಚ್ಚು ಕೊಡುವ ಜಾಗದಲ್ಲಿ. ಇನ್ನು ಏರಿಸುವುದೂ ಇಲ್ಲ, ಇಳಿಸುವುದೂ ಇಲ್ಲ, ಕಾಯುವುದಷ್ಟೇ. ಅಂಕಿ ಮೊದಲು ಚಡಪಡಿಸಿತು, ಮೆಲ್ಲಗೆ ಸರಿಯಿತು, ಸರಿಯುವುದು ಕಡಿಮೆಯಾಯಿತು. ಕಾಯುವಾಗ ಫರ್ಹೀನ ಟಿಫಿನ್ ತೆರೆದಳು. ಒಂದೇ ಚಮಚ ಇತ್ತು. ಅಂಕಿ ಹದಿನೈದರ ಹತ್ತಿರ ಬಂದು ನಿಂತಾಗ ಬಗಾರಾ ಅನ್ನ ಅರ್ಧ ಮುಗಿದಿತ್ತು.

"ಇದು ಇಬ್ಬರದೂ ಅಲ್ಲ," ಎಂದಳು ಸುಮನ.

"ಸೆಲ್ಲಿಂದು," ಎಂದಳು ಫರ್ಹೀನ, ಬಾಯಲ್ಲಿ ಅನ್ನ ಇಟ್ಟುಕೊಂಡೇ.

ಕುತುಬೋದ್ದೀನ ಸರ್ ಬಂದಾಗ ಇಬ್ಬರೂ ಎದ್ದು ನಿಂತರು. ಅವರು ಸುಮನಳ ಗ್ಲೌಸ್ ನೋಡಿದರು, ಪರದೆ ನೋಡಿದರು, ಮತ್ತೆ ಗ್ಲೌಸ್ ನೋಡಿದರು. ಹುಬ್ಬು ಮೇಲೇರಿತೇ ಹೊರತು ದನಿ ಏರಲಿಲ್ಲ. "ಏನ್ ಬೇಟಾ, ನಿನ್ನೆ ನಾವು ಮಾತಾಡಿದ್ದೇನು?" ಎಂದರು. ಸುಮನ ಗೆರೆ, ಅಯಾನು, ಕೆಳಗಿನ ಪದರು ಎಂದು ಕ್ರಮವಾಗಿ ಹೇಳಬೇಕೆಂದು ಜೋಡಿಸಿಕೊಂಡಿದ್ದೆಲ್ಲ ಎಲ್ಲೋ ಹೋಯಿತು.

"ಸರ್, ನೀವು ಬೆವರ ಅಂದ್ರಿ," ಎಂದಳು. "ನಮ್ಮವ್ವ ಅಂಗನವಾಡ್ಯಾಗ ಅಡಗಿ ಮಾಡ್ತಿದ್ಳು. ಕೂಸುಗಳ ಹೊಟ್ಟಿ ನೆಟ್ಟಗಿಲ್ಲ ಅಂತ ಹೇಳಿ ಕರಕೊಂಡು ಹೋಗ್ತಿದ್ರು. ಬ್ಯಾರೆ ಏನೂ ಅಂತಿದ್ದಿಲ್ರಿ. ಇಷ್ಟೇ ಅಂತಿದ್ರು."

ಸರ್ ಮೊದಲು ಏನೂ ತಿಳಿಯದವರಂತೆ ನೋಡಿದರು. ತಿಳಿದದ್ದು ಅವರ ಮುಖದಲ್ಲಿ ನಿಧಾನವಾಗಿ ಕಂಡಿತು. ಈ ಊರಿನಲ್ಲಿ ಹುಟ್ಟಿ ಈ ಊರಿನಲ್ಲೇ ನೆರೆತವರು. ಅರ್ಥ ಬಿಡಿಸಿ ಹೇಳಬೇಕಾಗಿರಲಿಲ್ಲ. "ತೌಬಾ ತೌಬಾ, ಬೇಟಾ," ಎಂದರು, ದನಿ ಕೆಳಗಿಳಿದಿತ್ತು, "ನನ್ನ ಮನಸ್ಸಿನ್ಯಾಗ ಹಂಗ..."

"ಗೊತ್ತದ್ರಿ ಸರ್. ನಿಮ್ಮ ಮನಸ್ಸಿನ್ಯಾಗ ಇದ್ದಿಲ್ಲ. ನಂದ್ರಾಗ ಇತ್ತು." ಇಷ್ಟು ಹೇಳಿದ ಮೇಲೆ ಅವಳಿಗೆ ಉಸಿರು ಸಲೀಸಾಯಿತು. ಕುರ್ಚಿಯನ್ನು ಅವರ ಕಡೆ ತಿರುಗಿಸಿದಳು. "ಈಗ ನೀವು ಅಳೀರಿ ಸರ್. ಸೆಲ್ ನೀವೇ ಇಡ್ರಿ, ಗುಂಡಿ ನೀವೇ ತಿರುಗಸ್ರಿ. ನಾ ಹತ್ರ ಬರಲ್ಲ. ಸೊನ್ನಿಂದ ಮ್ಯಾಲ ಹೋಗ್ರಿ, ಅಷ್ಟೇ."

ಫರ್ಹೀನ ಡಬ್ಬಿಯಿಂದ ಯಾರೂ ಮುಟ್ಟದ ಹೊಸ ಸೆಲ್ಲನ್ನು ಮುಂದಿಟ್ಟಳು. ಸರ್ ಕನ್ನಡಕ ಏರಿಸಿ, ಗ್ಲೌಸ್ ಹಾಕಿಕೊಂಡು ಕೂತರು. ಎರಡು ವರ್ಷಗಳಿಂದ ಅವರು ಸ್ವತಃ ಅಳೆದಿರಲಿಲ್ಲ. ಸೂಜಿ ಅಂಚಿಗೆ ಕೂರಿಸಲು ಎರಡು ಸಲ ತಪ್ಪಿದರು, ಯಾರೂ ಸಹಾಯಕ್ಕೆ ಹೋಗಲಿಲ್ಲ. ಗುಂಡಿ ತಿರುಗಿತು. ಗೆರೆ ಮೂಡಿತು, ಬೇಗನೇ ಬಾಗಿತು. ಕಂಪ್ಯೂಟರು ಲೆಕ್ಕ ಹಾಕಿ ಅಂಕಿ ತೋರಿಸಿತು, ಹದಿಮೂರಕ್ಕೂ ಕೊಂಚ ಕಡಿಮೆ. ಸರ್ ಅದನ್ನು ನೋಡುತ್ತಲೇ ಇದ್ದರು. ಆಮೇಲೆ ಯಾರೂ ಹೇಳದೆ ಗುಂಡಿಯನ್ನು ಹಿಂದಕ್ಕೆ ತಿರುಗಿಸಿದರು, ಎರಡನೆಯ ಗೆರೆ ಮೊದಲನೆಯದರ ಮೇಲಕ್ಕೆ ಹಾದು ಬಂದಿತು. ಅವರಿಗೆ ನಗು ಬಂತು, ಬೇಡವೆಂದರೂ ಬಂದ ನಗು. "ಅಲ್ಲಾ, ನನ್ನ ಕೈಯಾಗ ನಿನಕಿಂತ ಬೆವರ ಜಾಸ್ತಿ ಅದಲ್ಲಬೇ!" ಎಂದರು. ಫರ್ಹೀನ ಮೊದಲು ನಕ್ಕಳು. ಸುಮನಳ ಕಣ್ಣಲ್ಲಿ ನೀರು ಬಂತು, ಅವಳು ಅದನ್ನು ಒರೆಸಿಕೊಳ್ಳಲಿಲ್ಲ, ಗ್ಲೌಸ್ ಇತ್ತು.

"ಪದರು ಬದಲಾಯಿಸಿದ ದಿನಾನೇ ನಾ ಇದು ನೋಡಬೇಕಿತ್ತು," ಎಂದರು ಸರ್ ನಗು ನಿಂತ ಮೇಲೆ. "ನೋಡ್ದೇ ನಿನ್ನ ಮ್ಯಾಲ ಹಾಕ್ದೆ. ತಪ್ಪು ನಂದು." ಇಡೀ ರಾತ್ರಿ ಸುಮನ ಈ ಮಾತಿಗಾಗಿ ಹಂಬಲಿಸಿದ್ದಳು, ಬಂದಾಗ ಅದನ್ನು ಎಲ್ಲಿಡಬೇಕೆಂದೇ ಅವಳಿಗೆ ತಿಳಿಯಲಿಲ್ಲ. ಬೇಕಾದದ್ದು ಇದಲ್ಲ, ಅಥವಾ ಇದಿಷ್ಟೇ ಅಲ್ಲ.

"ಸೋಮವಾರ ಏನ್ ಹೇಳೋದ್ರಿ ಸರ್?" ಫರ್ಹೀನ ಕೇಳಿದಳು, ಮೆಲ್ಲಗೆ.

"ಹದಿನೈದು ಹೇಳೋದು. ಕಳಿಸಿದ ಹದಿನೇಳು ವಾಪಸ್ ತಗೊಳ್ಳೋದು. ಎರಡೂ ಗೆರಿ ತೋರಸಿ, ಯಾಕ ಹಿಂಗ ಆಗ್ತದ ಅಂತ ಹೇಳೋದು. ನಗ್ತಾರ, ನಗ್ಲಿ. ಒಂದಿಬ್ಬರಾದ್ರೂ ಊರಿಗಿ ಹೋಗಿ ತಮ್ಮ ಲ್ಯಾಬಿನ ಸೆಲ್ಲು ಕೆಳಗಿಂದ ಅಳದು ನೋಡ್ತಾರ."

"ಯಾರು ತೋರಸೋದ್ರಿ?" ಎಂದಳು ಸುಮನ. ಕೇಳಿದ್ದು ತಾನೇ ಎಂದು ಅವಳಿಗೇ ನಂಬಿಕೆಯಾಗಲಿಲ್ಲ.

ಸರ್ ಕುರ್ಚಿಯಿಂದ ಎದ್ದರು. ಫರ್ಹೀನಳ ಕಡೆ ಒಮ್ಮೆ ನೋಡಿದರು, ಅವಳು ತಲೆಯಾಡಿಸಿದಳು. "ಅಳದಾಕಿ ತೋರಸ್ತಾಳ. ಆದ್ರ ಒಂದ ಸೆಲ್ಲು ಸಾಲಲ್ಲ, ಇಡೀ ಬ್ಯಾಚು ಎರಡೂ ಕಡಿಂದ ಅಳೀಬೇಕು. ಸೋಮವಾರದ ಒಳಗ ಆಗ್ತದೇನು?"

ಸುಮನ ಡಬ್ಬಿಯ ಕಡೆ ನೋಡಿದಳು. ಸಾಲಾಗಿ ಸೆಲ್ಲುಗಳು ಕೂತಿದ್ದವು, ಬೆರಳ ಉಗುರಿನಷ್ಟು ಕಂದು ಚೌಕಗಳು. ಕುರ್ಚಿ ಎಳೆದುಕೊಂಡು ಕೂತು, ಗುಂಡಿಯನ್ನು ಸೊನ್ನೆಗೆ ತಂದು, ಫರ್ಹೀನಳ ಮುಂದೆ ಕೈ ಚಾಚಿದಳು.

"ಒಂದೊಂದೇ ಕೊಡ್ತಾ ಬಾ," ಎಂದಳು.